ರಾಗಿಯ ತೂಕ ಬಂದದ್ದೆಲ್ಲಿಂದ? ದ್ಯುತಿಸಂಶ್ಲೇಷಣೆ ಕುರಿತ ಪ್ರಶ್ನೋತ್ತರ

(ಗುಂಪಿನಲ್ಲಿ ಈ ಬಾರಿ ಉತ್ತರಿಸುತ್ತಿರುವವರು ಕೃಷಿ ಕಾಲೇಜಿನಲ್ಲಿ ಸಸ್ಯ ಶರೀರಕ್ರಿಯಾಶಾಸ್ತ್ರ ಕಲಿಸುವ ಅಧ್ಯಾಪಕಿ.)

ಪ್ರಶ್ನೆ: ರಾಗಿ ಬೆಳೆಗಾರ, ತುಮಕೂರು ಜಿಲ್ಲೆ

ಮೇಡಂ, ನಾವು ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು ಹಾಕುವವರು. ಎರಡು ಅನುಮಾನಗಳಿವೆ. ಗೊಬ್ಬರದ ಅಂಗಡಿಯವರು ಯೂರಿಯಾವನ್ನು ಬೆಳೆಯ ಊಟ ಎನ್ನುತ್ತಾರೆ. ಮಗಳ ಪಠ್ಯಪುಸ್ತಕದಲ್ಲಿ ಎಲೆಯೇ ಆಹಾರ ತಯಾರಿಸುತ್ತದೆ ಎಂದಿದೆ. ಯಾವುದನ್ನು ನಂಬಬೇಕು? ಇನ್ನೊಂದು, ಬದುವಿನ ಹೊಂಗೆ ಮರದ ನೆರಳು ಬೀಳುವ ಕಡೆ ರಾಗಿ ತೀರಾ ಸೊರಗುತ್ತದೆ, ಅವರೆ ಅಷ್ಟು ಸೊರಗುವುದಿಲ್ಲ. ಬಯಲಿನ ಸುಡುಬಿಸಿಲಿನಲ್ಲಿ ನೋಡಿದರೆ ರಾಗಿಯದೇ ಮೇಲುಗೈ. ಹೀಗೇಕೆ?

ಉತ್ತರ:

ಎರಡನೆಯದಕ್ಕೆ ಆಮೇಲೆ ಬರುತ್ತೇನೆ ಸ್ವಾಮಿ. ಮೊದಲನೆಯದು ಇತ್ಯರ್ಥವಾಗದೆ ಅದು ಬಿಡಿಸಿಕೊಳ್ಳುವುದಿಲ್ಲ.

ಮಗಳ ಪುಸ್ತಕವನ್ನೇ ನಂಬಿ. ಬೆಳಕಿನ ಬಲದಿಂದ ಎಲೆ ಆಹಾರ ತಯಾರಿಸುವ ಆ ಕೆಲಸಕ್ಕೇ ದ್ಯುತಿಸಂಶ್ಲೇಷಣೆ ಎನ್ನುವುದು. ರಾಗಿಯ ಹುಲ್ಲು, ತೆನೆ, ಬೇರು ಎಲ್ಲವನ್ನೂ ಒಣಗಿಸಿ ತೂಗಿದರೆ ಆ ತೂಕದಲ್ಲಿ ಶೇಕಡಾ 90ಕ್ಕೂ ಹೆಚ್ಚು ಪಾಲು ಇಂಗಾಲ, ಆಮ್ಲಜನಕ, ಜಲಜನಕಗಳದ್ದು. ಅವು ಬಂದದ್ದು ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ. ಒಂದು ಹೊರೆ ಸೌದೆ ಉರಿಸಿದರೆ ಕೊನೆಗೆ ಬೊಗಸೆ ಬೂದಿ ಉಳಿಯುತ್ತದಲ್ಲ, ಮರ ಮಣ್ಣಿನಿಂದ ಎತ್ತಿಕೊಂಡ ಖನಿಜಗಳು ಬಹುಪಾಲು ಅಷ್ಟೇ. ಸಾರಜನಕವೊಂದು ಹೊಗೆಯ ಜೊತೆ ಹೋಗಿರುತ್ತದೆ.

ಇದನ್ನು ಮೊದಲು ತಕ್ಕಡಿಗೆ ಹಾಕಿ ನೋಡಿದವರಲ್ಲಿ ಹದಿನೇಳನೆಯ ಶತಮಾನದ ಯುರೋಪಿನ ವಿಜ್ಞಾನಿ ವಾನ್ ಹೆಲ್ಮಾಂಟ್ ಪ್ರಸಿದ್ಧ. 200 ಪೌಂಡ್ ಒಣಮಣ್ಣು ತುಂಬಿದ ಕುಂಡದಲ್ಲಿ 5 ಪೌಂಡಿನ ವಿಲೋ ಸಸಿ ನೆಟ್ಟು 5 ವರ್ಷ ಬರೀ ನೀರು ಹಾಕಿದ. ಮರ 169 ಪೌಂಡ್ ದಾಟಿತು. ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು 2 ಔನ್ಸ್. ಮರವೆಲ್ಲ ನೀರಿನಿಂದಲೇ ಆಯಿತು ಎಂದು ತೀರ್ಮಾನಿಸಿಬಿಟ್ಟ. ಗಾಳಿಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅವನ ಈ ಬರಹ ಅಚ್ಚಾದದ್ದು 1648ರಲ್ಲಿ, ಅವನು ಸತ್ತ ಮೇಲೆ.

ಹಾಗೆಂದು ಯೂರಿಯಾ ದಂಡವಲ್ಲ. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತಿಗೂ ಇಂಗಾಲವನ್ನು ಹಿಡಿಯುವ ಕಿಣ್ವಗಳಿಗೂ ಯೂರಿಯಾ ಕೊಡುವ ಸಾರಜನಕ ಬೇಕೇ ಬೇಕು. ಅಡುಗೆಮನೆಗೆ ಒಲೆ, ಪಾತ್ರೆ ಇದ್ದ ಹಾಗೆ ಅದು. ಅಕ್ಕಿ ಗಾಳಿಯಿಂದಲೇ ಬರಬೇಕು. ಮಣ್ಣು ಒಣಗಿ ಎಲೆ ತನ್ನ ಪತ್ರರಂಧ್ರಗಳನ್ನು, ಅಂದರೆ ಗಾಳಿಯಾಡುವ ಸಣ್ಣ ತೂತುಗಳನ್ನು ಮುಚ್ಚಿಕೊಂಡಾಗ ಗಾಳಿ ಒಳಗೆ ಹೋಗುವುದಿಲ್ಲ. ಆಗ ಎಷ್ಟು ಯೂರಿಯಾ ಸುರಿದರೂ ಬೆಳೆಯ ತೂಕ ಏರುವುದಿಲ್ಲ. ಮಳೆ ನೋಡಿಕೊಂಡು ಮೇಲುಗೊಬ್ಬರ ಕೊಡಿ ಎಂದು ನಾವು ಬಡಿದುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕ, ಹಾವೇರಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ ಮೇಡಂ. ಎಲೆ ಇಂಗಾಲದ ಡೈಆಕ್ಸೈಡನ್ನು ಒಡೆದು ಇಂಗಾಲವನ್ನು ಇಟ್ಟುಕೊಂಡು ಆಮ್ಲಜನಕವನ್ನು ಹೊರಗೆ ಬಿಡುತ್ತದೆ ಎಂದು ಮಕ್ಕಳು ಬರೆಯುತ್ತಾರೆ. ಅಂಕ ಕೊಡಬಹುದೇ?

ಉತ್ತರ:

ಕೊಡಬೇಡಿ ಸರ್. ಹೊರಗೆ ಬರುವ ಆಮ್ಲಜನಕ ನೀರಿನದು. 1941ರಲ್ಲಿ ಅಮೆರಿಕದ ರೂಬೆನ್, ಕಾಮೆನ್ ಮತ್ತು ಸಂಗಡಿಗರು ಭಾರದ ಆಮ್ಲಜನಕವಿರುವ (ಮಾಮೂಲಿಗಿಂತ ತೂಕ ಹೆಚ್ಚಿದ್ದು ಗುರುತು ಹಿಡಿಯಬಹುದಾದ) ನೀರನ್ನು ಪಾಚಿಗೆ ಕೊಟ್ಟು ನೋಡಿದರು. ಹೊರಬಂದ ಅನಿಲದಲ್ಲಿ ಆ ಭಾರದ ಆಮ್ಲಜನಕವೇ ಇತ್ತು.

ಎಲೆಯ ಕೋಶದೊಳಗಿನ ಹಸಿರು ಕಣವಾದ ಕ್ಲೋರೋಪ್ಲಾಸ್ಟಿನ ಒಳಪೊರೆಗಳಲ್ಲಿ ಸಾಲುಗಟ್ಟಿರುವ ಪತ್ರಹರಿತ್ತು ಬೆಳಕನ್ನು, ಅದರಲ್ಲೂ ಕೆಂಪು ಮತ್ತು ನೀಲಿಯನ್ನು ಹೀರಿಕೊಂಡು ಒಂದು ಇಲೆಕ್ಟ್ರಾನನ್ನು ಕಳೆದುಕೊಳ್ಳುತ್ತದೆ. ಆ ಖಾಲಿ ಜಾಗ ತುಂಬಬೇಕಲ್ಲ? ಪಕ್ಕದಲ್ಲೇ ನಾಲ್ಕು ಮ್ಯಾಂಗನೀಸ್ ಮತ್ತು ಒಂದು ಕ್ಯಾಲ್ಸಿಯಂ ಪರಮಾಣುಗಳ ಒಂದು ಪುಟ್ಟ ಗೊಂಚಲಿದೆ. ಅದು ಎರಡು ನೀರಿನ ಅಣುಗಳಿಂದ ನಾಲ್ಕು ಇಲೆಕ್ಟ್ರಾನುಗಳನ್ನು ಕಿತ್ತುಕೊಂಡು ಕೊಡುತ್ತದೆ. ಕಿತ್ತಾದ ಮೇಲೆ ಉಳಿದ ಆಮ್ಲಜನಕ ಎಲೆಗೆ ಹೆಚ್ಚಾದದ್ದು, ಹೊರಗೆ ಬಿಡುತ್ತದೆ. ನಾವು ಉಸಿರಾಡುತ್ತಿರುವುದು ಇದನ್ನೇ. ಇಲೆಕ್ಟ್ರಾನುಗಳು ಕೈಯಿಂದ ಕೈಗೆ ಸಾಗುತ್ತ ಎಟಿಪಿ ಮತ್ತು ಎನ್‌ಎಡಿಪಿಎಚ್ ಎಂಬ ಎರಡು ಶಕ್ತಿವಾಹಕಗಳನ್ನು ತಯಾರು ಮಾಡಿಸುತ್ತವೆ.

ಇಂಗಾಲದ ಕೆಲಸ ಇಲ್ಲಿಂದ ಶುರು. ರುಬಿಸ್ಕೊ ಎಂಬ ಕಿಣ್ವ ಇಂಗಾಲದ ಡೈಆಕ್ಸೈಡನ್ನು ಐದು ಇಂಗಾಲದ ಸಕ್ಕರೆಯೊಂದಕ್ಕೆ ಅಂಟಿಸುತ್ತದೆ. ಅದು ಮುರಿದು ಮೂರು ಇಂಗಾಲದ ಎರಡು ತುಣುಕುಗಳಾಗುತ್ತವೆ. ಮೇಲಿನ ಎರಡು ವಾಹಕಗಳು ಇವಕ್ಕೆ ಶಕ್ತಿ ತುಂಬಿದಾಗ ಸಕ್ಕರೆಯ ದಾರಿ ತೆರೆಯುತ್ತದೆ. ಬಹುಪಾಲು ತುಣುಕುಗಳು ಮತ್ತೆ ಆ ಐದು ಇಂಗಾಲದ ಸಕ್ಕರೆಯೇ ಆಗುವುದರಿಂದ ಇದೊಂದು ಚಕ್ರ. ಈ ಚಕ್ರವನ್ನು ಬಿಡಿಸಿದ್ದಕ್ಕೆ ಮೆಲ್ವಿನ್ ಕ್ಯಾಲ್ವಿನ್ 1961ರಲ್ಲಿ ನೊಬೆಲ್ ಪಡೆದರು. ಈ ಎರಡನೆಯ ಹಂತಕ್ಕೆ ಬೆಳಕು ನೇರವಾಗಿ ಬೇಡ ಎಂದ ಮಾತ್ರಕ್ಕೆ ಅದು ರಾತ್ರಿ ನಡೆಯುತ್ತದೆ ಎಂದು ಹೇಳಿಕೊಡಬೇಡಿ. ಬೆಳಕು ಹೋದರೆ ವಾಹಕಗಳ ಪೂರೈಕೆಯೂ ನಿಲ್ಲುತ್ತದೆ, ಚಕ್ರದ ಹಲವು ಕಿಣ್ವಗಳೂ ಮಲಗುತ್ತವೆ.

ಈಗ ತುಮಕೂರಿನವರ ಎರಡನೆಯ ಪ್ರಶ್ನೆ, ರಾಗಿ. ರುಬಿಸ್ಕೊ ಜಗತ್ತಿನ ಬೆಳೆಗಳನ್ನೆಲ್ಲ ಸಾಕುವ ಕಿಣ್ವವೇ ಆದರೂ ಮಹಾ ನಿಧಾನಿ, ಸೆಕೆಂಡಿಗೆ ಬೆರಳೆಣಿಕೆಯ ಅಣುಗಳನ್ನಷ್ಟೇ ಹಿಡಿಯುತ್ತದೆ. ಸಾಲದ್ದಕ್ಕೆ ಇಂಗಾಲದ ಡೈಆಕ್ಸೈಡ್ ಎಂದುಕೊಂಡು ಆಗಾಗ ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಗಾಳಿಯಲ್ಲಿ ಆಮ್ಲಜನಕ ಶೇಕಡಾ 21, ಇಂಗಾಲದ ಡೈಆಕ್ಸೈಡ್ ಸುಮಾರು 0.04, ತಪ್ಪುವುದು ಸಹಜ. ಹಾಗೆ ತಪ್ಪಿದಾಗಲೆಲ್ಲ ಗಳಿಸಿದ ಇಂಗಾಲದಲ್ಲಿ ಒಂದಿಷ್ಟು ಸೋರಿಹೋಗುತ್ತದೆ. ಬಿಸಿ ಏರಿದಷ್ಟೂ ಸೋರಿಕೆ ಹೆಚ್ಚು. ಅವರೆ, ಭತ್ತ, ಶೇಂಗಾ, ಹತ್ತಿ ಎಲ್ಲವೂ ಈ ನಷ್ಟವನ್ನು ಸಹಿಸಿಕೊಂಡೇ ಬೆಳೆಯುತ್ತವೆ.

ರಾಗಿ, ಜೋಳ, ಮುಸುಕಿನ ಜೋಳ, ಕಬ್ಬು ಬೇರೆ ಹಾದಿ ಹಿಡಿದಿವೆ. ಇವುಗಳಲ್ಲಿ ಹೊರಗಿನ ಕೋಶಗಳು ಆಮ್ಲಜನಕಕ್ಕೆ ಮರುಳಾಗದ ಬೇರೊಂದು ಕಿಣ್ವದಿಂದ ಇಂಗಾಲವನ್ನು ಹಿಡಿದು, ನಾಲ್ಕು ಇಂಗಾಲದ ಆಮ್ಲವಾಗಿಸಿ, ಎಲೆಯ ನರಗಳನ್ನು ಸುತ್ತುವರಿದ ದಪ್ಪ ಕೋಶಗಳಿಗೆ ಸಾಗಿಸುತ್ತವೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತೆ ಬಿಡುಗಡೆಯಾಗಿ ಒತ್ತೊತ್ತಾಗಿ ತುಂಬುವುದರಿಂದ ರುಬಿಸ್ಕೊ ತಪ್ಪುವುದು ಬಹಳ ಕಡಿಮೆ. ಕಬ್ಬಿನಲ್ಲಿ ಇದರ ಸುಳಿವು ಹವಾಯಿಯಲ್ಲಿ ಸಿಕ್ಕಿತ್ತು. 1966ರ ಸುಮಾರಿಗೆ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಹಾದಿಯನ್ನು ಬಿಡಿಸಿ ತೋರಿಸಿದರು. ಪತ್ರರಂಧ್ರಗಳನ್ನು ಅರೆ ತೆರೆದರೂ ಸಾಕಾಗುವುದರಿಂದ ನೀರಿನ ಖರ್ಚೂ ಕಡಿಮೆ.

ಆದರೆ ಈ ಸಾಗಾಟ ಬಿಟ್ಟಿಯಲ್ಲ. ಪ್ರತಿ ಇಂಗಾಲಕ್ಕೂ ಹೆಚ್ಚುವರಿ ಎಟಿಪಿ ತೆರಬೇಕು, ಅದು ಬೆಳಕಿನಿಂದಲೇ ಬರಬೇಕು. ಬಯಲಿನಲ್ಲಿ ಬೆಳಕಿಗೆ ಬರವಿಲ್ಲ. ಹೊಂಗೆಯ ನೆರಳಿನಲ್ಲಿ ಆ ಖರ್ಚು ಮೈಮೇಲೆ ಬೀಳುತ್ತದೆ. ಮರದ ಬೇರು ನೀರು ಕಸಿಯುವುದೂ ಇದೆ, ಅದನ್ನು ಮರೆಯಬೇಡಿ. ಅವರೆ ತಂಪಿನಲ್ಲಿ ಲವಲವಿಕೆಯಿಂದಿರುವುದಕ್ಕೆ ಸೋರಿಕೆ ತಗ್ಗುವುದೂ ಒಂದು ಕಾರಣ. ನಾಟಿ ಅವರೆ ಚಳಿಗಾಲಕ್ಕೆ ಹೂ ಬಿಡುವುದು ಮಾತ್ರ ಹಗಲು ಕಿರಿದಾಗುವುದರಿಂದ. ಅದು ಬೇರೆಯೇ ಕಥೆ.

ಪ್ರಶ್ನೆ: ಗೃಹಿಣಿ, ಮೈಸೂರು

ಅಶ್ವತ್ಥ ಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಎಂಬ ಸಂದೇಶ ಮೊಬೈಲಿಗೆ ಬರುತ್ತಲೇ ಇರುತ್ತದೆ. ನಿಜವೇ?

ಉತ್ತರ:

ಇಲ್ಲಮ್ಮ. ಬೆಳಕಿಲ್ಲದೆ ನೀರು ಒಡೆಯುವುದಿಲ್ಲ, ನೀರು ಒಡೆಯದೆ ಆಮ್ಲಜನಕವಿಲ್ಲ. ಅನಾನಸ್, ಪಾಪಸುಕಳ್ಳಿಯಂಥವು ರಾತ್ರಿ ಇಂಗಾಲದ ಡೈಆಕ್ಸೈಡನ್ನು ಒಳಗೆ ಎಳೆದುಕೊಂಡು ಹಗಲಿಗೆ ಕೂಡಿಡುತ್ತವೆ ನಿಜ, ಆದರೆ ಅವೂ ರಾತ್ರಿ ಆಮ್ಲಜನಕ ಬಿಡುವುದಿಲ್ಲ. ಹಾಗೆಯೇ ಮರದಡಿ ಮಲಗಿದರೆ ಉಸಿರು ಕಟ್ಟುತ್ತದೆ ಎಂಬ ಹೆದರಿಕೆಯೂ ಬೇಡ. ಅಶ್ವತ್ಥಕಟ್ಟೆಯ ಪ್ರದಕ್ಷಿಣೆಗೆ ವಿಜ್ಞಾನದ ಶಿಫಾರಸು ಏಕೆ ಬೇಕು?

ಪ್ರಶ್ನೆ: ಕಾಫಿ ಬೆಳೆಗಾರ, ಮೂಡಿಗೆರೆ

ಬೆಳಕೇ ಎಲ್ಲ ಎನ್ನುವುದಾದರೆ ತೋಟದ ನೆರಳನ್ನು ಪೂರ್ತಿ ತೆಗೆದುಬಿಡಬಹುದಲ್ಲವೇ?

ಉತ್ತರ:

ದಯವಿಟ್ಟು ಬೇಡ. ಅರೇಬಿಕಾ ಇಥಿಯೋಪಿಯಾದ ಕಾಡಿನ ನೆರಳಿನಲ್ಲಿ ಹುಟ್ಟಿದ ಗಿಡ. ಪೂರ್ಣ ಬಿಸಿಲಿನ ಒಂದು ಭಾಗದಲ್ಲೇ ಅದರ ಎಲೆಗೆ ಹೊಟ್ಟೆ ತುಂಬುತ್ತದೆ; ಮಿಕ್ಕ ಬೆಳಕು ಅರಗದೆ ಬೆಳಕು ಹಿಡಿಯುವ ವ್ಯವಸ್ಥೆಗೇ ಪೆಟ್ಟು ಕೊಡುತ್ತದೆ. ಬಿರುಬಿಸಿಲಿಗೆ ಎಲೆ ಹಳದಿ ತಿರುಗಿ ಸುಡುವುದನ್ನು ನೀವೇ ಕಂಡಿರುತ್ತೀರಿ. ನೆರಳು ಅತಿಯಾದರೆ ಹೂ ಕಡಿಮೆ, ಅದಕ್ಕೇ ಮರಗಸಿ ಮಾಡುವುದು. ಹಾಲುವಾಣದ ರೆಂಬೆ ಸವರುವುದು ಒಂದು, ಮರವನ್ನೇ ಉರುಳಿಸುವುದು ಇನ್ನೊಂದು.

ಪ್ರಶ್ನೆ: ಶೇಂಗಾ ಬೆಳೆಗಾರ, ಚಳ್ಳಕೆರೆ ಕಡೆ

ಎಲೆ ಹಸಿರಾಗಿದ್ದರೆ ತಾನೇ ಇದೆಲ್ಲ? ನಮ್ಮ ಶೇಂಗಾದ ಎಲೆ ಹಳದಿ ಆಗುತ್ತಿದೆ. ಯೂರಿಯಾ ಹಾಕಿದರೂ ಹಸಿರು ಬರಲಿಲ್ಲ.

ಉತ್ತರ:

ಯಾವ ಎಲೆ ಎಂಬುದನ್ನು ಮೊದಲು ನೋಡಿ. ಬುಡದ ಹಳೆಯ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕದ ಕೊರತೆ. ಹಳೆಯ ಎಲೆಯಲ್ಲೇ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಮೆಗ್ನೀಸಿಯಂ. ಪತ್ರಹರಿತ್ತಿನ ಅಣುವಿನ ನಟ್ಟನಡುವೆ ಕೂತಿರುವುದು ಅದೇ, ಕೊರತೆಯಾದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸದಕ್ಕೆ ಕಳುಹಿಸುತ್ತದೆ. ತುದಿಯ ಎಳೆಯ ಎಲೆ ಮೊದಲು ಬಿಳಿಚಿಕೊಂಡರೆ ಕಬ್ಬಿಣ. ಪತ್ರಹರಿತ್ತಿನೊಳಗೆ ಕಬ್ಬಿಣವಿಲ್ಲ, ಆದರೆ ಅದನ್ನು ಕಟ್ಟುವುದಕ್ಕೆ ಬೇಕು, ಮತ್ತು ಹಳೆಯ ಎಲೆಯಿಂದ ಅದು ಸುಲಭವಾಗಿ ಕದಲುವುದಿಲ್ಲ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣ ಇದ್ದೂ ಬೇರಿಗೆ ದಕ್ಕುವುದಿಲ್ಲ.

ಪ್ರಶ್ನೆ: ಅದೇ ಬೆಳೆಗಾರ

ತುದಿಯ ಎಲೆಯೇ ಮೇಡಂ. ಹೊಲದಲ್ಲಿ ಸುಣ್ಣಕಲ್ಲೂ ಇದೆ.

ಉತ್ತರ:

ಹಾಗಾದರೆ ಯೂರಿಯಾ ನಿಲ್ಲಿಸಿ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆಯ ಹೊತ್ತು ಎಲೆ ನೆನೆಯುವಂತೆ ಸಿಂಪಡಿಸಿ. ಕಲಸಿದ್ದನ್ನು ಮರುದಿನಕ್ಕೆ ಉಳಿಸಬೇಡಿ. ಹೊಲದಲ್ಲಿ ನೀರು ನಿಲ್ಲುತ್ತಿದ್ದರೆ ಬಸಿದುಹೋಗಲು ಕಾಲುವೆ ತೆಗೆಯಿರಿ. ಹತ್ತು ದಿನ ಬಿಟ್ಟು ತುದಿಯ ಚಿಗುರಿನ ಫೋಟೋ ಹಾಕಿ, ಇನ್ನೊಮ್ಮೆ ಸಿಂಪಡಿಸಬೇಕೇ ಎಂದು ಆಗ ಹೇಳುತ್ತೇನೆ.