ಮೆಕ್ಸಿಕೋ ಕಡೆಯ ಚಿತ್ರಪುಸ್ತಕ ನಮ್ಮ ವಿಶೇಷ ಮಕ್ಕಳಿಗೆ ಹಿಡಿಸುತ್ತಾ?

ಧಾರವಾಡ_ಟೀಚರ್: ನಾನು ಇಲ್ಲಿ ವಿಶೇಷ ಮಕ್ಕಳಿಗೆ ಕಲಿಸುತ್ತೇನೆ. ಆಟಿಸಂ, ಡೌನ್ ಸಿಂಡ್ರೋಮ್ ಇರುವವರೇ ಜಾಸ್ತಿ, ಒಬ್ಬಳಿಗೆ ಕಣ್ಣು ಮಂಜು. ಅಮೆರಿಕದಲ್ಲಿರುವ ಅಕ್ಕ ಈ ಸಲ ಬಂದಾಗ ಒಂದು ಚೀಲ ಚಿತ್ರಪುಸ್ತಕ ಕೊಟ್ಟು ಹೋದಳು, ಎಲ್ಲ ಮೆಕ್ಸಿಕೋ, ಪೆರು, ಪೋರ್ಟೊ ರಿಕೊ ಕಡೆಯವು. ಅಲ್ಲಿ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ ಹಿಸ್ಪ್ಯಾನಿಕ್ (ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರ) ಪರಂಪರೆಯ ತಿಂಗಳು ಅಂತ ಆಚರಿಸುತ್ತಾರೆ, ಆಗ ಶಾಲೆಗಳಲ್ಲಿ ಇಂಥವನ್ನು ಓದಿಸುತ್ತಾರೆ. ಬಣ್ಣ ಭಾಳ ಚಂದ. ಆದರೆ ಹುಬ್ಬಳ್ಳಿ ಆಚೆ ನೋಡದ ಮಕ್ಕಳಿಗೆ ಇದನ್ನು ಹೇಗೆ ಮುಟ್ಟಿಸೋದು? ಮೆಕ್ಸಿಕೋದ ಸತ್ತವರ ಹಬ್ಬದ ಪುಸ್ತಕದಲ್ಲಂತೂ ಪುಟಪುಟಕ್ಕೂ ತಲೆಬುರುಡೆ. ತೋರಿಸಲೋ ಬೇಡವೋ?

ಹಾವೇರಿಯವ: ಪುಸ್ತಕ ಆಮೇಲೆ, ಮೊದಲು ವಸ್ತು ಕೈಗೆ ಕೊಡಿ. ಮೆಕ್ಕೆಜೋಳದ ತವರು ಮೆಕ್ಸಿಕೋ, ನಮ್ಮ ಜಿಲ್ಲೆಯಲ್ಲಿ ಎತ್ತ ನೋಡಿದರೂ ಅದೇ ಬೆಳೆ. ಆಲೂಗಡ್ಡೆ ಪೆರು ಕಡೆಯದು. ನಾನು ತೆನೆಯನ್ನು ಸಿಪ್ಪೆ ಸಮೇತ ಕೊಡುತ್ತೇನೆ. ಸಿಪ್ಪೆ ಸುಲಿಯೋದು, ಒಳಗಿನ ನವಿರು ಕೂದಲು ಎಳೆಯೋದು, ಕಾಳು ಬಿಡಿಸಿ ತಟ್ಟೆಗೆ ಹಾಕೋದು, ಇಷ್ಟರಲ್ಲಿ ಬೆರಳಿಗೆ ಒಳ್ಳೆ ಕೆಲಸ ಆಗುತ್ತದೆ, ಕಣ್ಣು ಮಂಜಿರುವ ಮಗುವೂ ಹಿಂದೆ ಬೀಳುವುದಿಲ್ಲ. ಆಮೇಲೆ ಟೋರ್ಟಿಯಾ, ಅಂದರೆ ಅವರ ಮೆಕ್ಕೆಜೋಳದ ರೊಟ್ಟಿ, ಮಾಡುವ ಪುಟ ತೆರೆದೆ. ಮಾತು ಬಾರದ ಹುಡುಗ ಒಬ್ಬ ಚಿತ್ರ ನೋಡಿ ಎರಡೂ ಅಂಗೈಯಿಂದ ಡೆಸ್ಕ್ ಮೇಲೆ ರೊಟ್ಟಿ ಬಡಿಯತೊಡಗಿದ! ಇಂಗ್ಲಿಷ್ ಸಾಲು ಬಿಡಿ, ಪುಟಕ್ಕೆ ಒಂದೇ ವಾಕ್ಯ ಹೇಳಿ, ದಿನಾ ಅದೇ ವಾಕ್ಯ. ಮೆಣಸಿನಕಾಯಿಯೂ ಆ ಕಡೆಯಿಂದಲೇ ಪೋರ್ಚುಗೀಸರ ಜೊತೆ ಬಂದದ್ದು, ಆದರೆ ಬ್ಯಾಡಗಿ ಮೆಣಸಿನಕಾಯಿ ದೂರದಿಂದಲೇ ತೋರಿಸಿ. ಯಾರಾದರೂ ಕಣ್ಣು ಉಜ್ಜಿಕೊಂಡರೆ ಅವತ್ತಿನ ಪಾಠ ಮುಗೀತು.

ಗದಗ_ಮಾಸ್ತರ: ಸುಮ್ನೆ ಕೇಳ್ತೀನಿ, ಬೇಜಾರಾಗಬೇಡಿ. ನಮ್ಮ ಡೊಳ್ಳು, ಕೋಲಾಟದ ಬಗ್ಗೆಯೇ ಈ ಮಕ್ಕಳಿಗೆ ಒಂದು ಒಳ್ಳೆ ಪುಸ್ತಕ ಕೈಗೆ ಸಿಗೋದಿಲ್ಲ. ಅಷ್ಟು ದೂರ ಯಾಕೆ ಹೋಗಬೇಕು?

ಹುಬ್ಬಳ್ಳಿ_ಅಮ್ಮ: ಸರ್, ನಮ್ಮದು ಬೇಕು ಅನ್ನೋದು ನಿಜ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಕನ್ನಡ ಚಿತ್ರಕತೆ ಪುಕ್ಕಟೆ ಸಿಗುತ್ತವೆ, ಪ್ರಿಂಟ್ ತೆಗೆದು, ಮಕ್ಕಳು ಮುಟ್ಟಿ ನೋಡೋ ಹಾಗೆ ಮೇಲೆ ಬಟ್ಟೆ, ಉಸುಕು ಅಂಟಿಸಿಕೊಳ್ಳಬಹುದು. ಆದರೆ ನನ್ನ ಮಗಳು ಕಾಲಿಗೆ ಕ್ಯಾಲಿಪರ್ (ನಡೆಯೋಕೆ ಆಸರೆಯ ಪಟ್ಟಿ) ಹಾಕುತ್ತಾಳೆ, ಅವಳಿಗೆ ಹಿಡಿಸಿದ್ದು ಮೆಕ್ಸಿಕೋದ ಫ್ರೀಡಾ ಕಾಲೋ. 6ನೇ ವಯಸ್ಸಿಗೆ ಪೋಲಿಯೊ, 1925ರಲ್ಲಿ ಬಸ್ ಅಪಘಾತ, ಹಾಸಿಗೆಯಲ್ಲಿ ಮಲಗಿಕೊಂಡೇ ಚಿತ್ರ ಬರೆದವಳು. ಪಾಪ ಅನ್ನಿಸಿಕೊಳ್ಳದೆ ತಲೆ ತುಂಬ ಹೂವು ಮುಡಿದು ಜೋರಾಗಿ ಕೂತಿರುವ ಹೆಂಗಸು. ಅಂಥ ಚಿತ್ರ ಎಲ್ಲಿಂದ ಬಂದರೇನು, ಅಲ್ವಾ?

ತಲೆಬುರುಡೆಗೆ ಹೆದರಬೇಡಿ ಟೀಚರ್. ಆ ಹಬ್ಬ ನವೆಂಬರ್ 1, 2ಕ್ಕೆ. ಫೋಟೊ ಇಟ್ಟು, ಚೆಂಡು ಹೂವು ಹಾಕಿ, ತೀರಿಕೊಂಡವರಿಗೆ ಇಷ್ಟದ ಅಡುಗೆ ಇಡುತ್ತಾರೆ. ನಾವು ಹಿರಿಯರಿಗೆ ಎಡೆ ಇಡೋದು ನೋಡಿದ ಮಕ್ಕಳಿಗೆ ಇದು ತಿಳಿಯುತ್ತದೆ. ಇತ್ತೀಚೆಗೆ ಮನೆಯಲ್ಲಿ ಸಾವಾಗಿರುವ ಮಗು ಇದ್ದರೆ ಮಾತ್ರ ತಾಯಿ ತಂದೆಯನ್ನು ಮೊದಲು ಕೇಳಿ. ಇನ್ನೊಂದು, ಮೆಕ್ಸಿಕೋದವರ ಹಾಗೆ ಅಂತ ಎಲ್ಲರಿಗೂ ದೊಡ್ಡ ಟೋಪಿ, ಅಂಟು ಮೀಸೆ ಹಾಕಿ ಡ್ಯಾನ್ಸ್ ಮಾಡಿಸೋದು ಬೇಡ. ಕ್ಯೂಬಾದವರು, ಪೆರುವಿನವರು ಎಲ್ಲ ಮೆಕ್ಸಿಕೋದವರಲ್ಲ.

ಧಾರವಾಡ_ಟೀಚರ್: ಸರಿ, ತೆನೆಯಿಂದ ಶುರು ಮಾಡುತ್ತೇನೆ. ಹಬ್ಬದ ಪುಸ್ತಕವನ್ನು ದಸರಾ ಮುಗಿದ ಮೇಲೆ ತೆಗೆಯುತ್ತೇನೆ, ಆಗ ಚೆಂಡು ಹೂವೂ ಅಗ್ಗ. ಉಸುಕು ಅಂಟಿಸಿದರೆ ಉದುರೋದಿಲ್ವಾ? ಯಾವ ಗೋಂದು ಹಾಕುತ್ತೀರಿ?

ಹುಬ್ಬಳ್ಳಿ_ಅಮ್ಮ: ಫೆವಿಕಾಲ್. ಒಂದು ರಾತ್ರಿ ಒಣಗಲಿ, ಮಾರನೇ ದಿನ ಮೇಲೆ ಇನ್ನೊಂದು ಕೈ ತೆಳ್ಳಗೆ ಸವರಿ.