ಜರ್ಮನಿಲಿ ನಾವಾಗೇ ರಿಸೈನ್ ಮಾಡಿದ್ರೆ ನಿರುದ್ಯೋಗ ಭತ್ಯೆ ಸಿಗುತ್ತಾ? ಅನುಭವ ಇರೋರು ಹೇಳಿ

ಪ್ರಶ್ನೆ, ಸ್ಟುಟ್‌ಗಾರ್ಟ್‌ನಿಂದ: ನಮಸ್ಕಾರ ಎಲ್ರಿಗೂ. ನಾಲ್ಕು ವರ್ಷದಿಂದ ಒಂದೇ ಕಂಪನಿ, ಹೊಸ ಮ್ಯಾನೇಜರ್ ಬಂದ್ಮೇಲೆ ರಾತ್ರಿ ನಿದ್ದೆ ಇಲ್ಲ, ಬಿಪಿ ಬೇರೆ ಶುರುವಾಗಿದೆ. ಇನ್ನೊಂದು ಕೆಲಸ ಸಿಗೋ ತನಕ ಕಾಯಕ್ಕಾಗಲ್ಲ, ಬಿಟ್ಟುಬಿಡೋಣ ಅಂತಿದೀನಿ. ತಿಂಗಳು ತಿಂಗಳು ಸಂಬಳದಲ್ಲಿ ನಿರುದ್ಯೋಗ ಇನ್ಶೂರೆನ್ಸ್ ಅಂತ ಕಟ್ ಆಗ್ತಾನೇ ಇದೆ, ಹಾಗಿದ್ರೆ ನಾನಾಗೇ ಬಿಟ್ರೂ ಕೊಡ್ತಾರಾ? ಊರಲ್ಲಿ ಮನೆ ಲೋನ್ ಇದೆ, ಹೆಂಡ್ತಿ ಕೆಲಸಕ್ಕೆ ಹೋಗಲ್ಲ, ಒಂದು ಮಗು.

ಮ್ಯೂನಿಕ್‌ನಿಂದ: ಸಿಗುತ್ತೆ, ಆದ್ರೆ ತಕ್ಷಣ ಸಿಗಲ್ಲ. ಕಳೆದ 30 ತಿಂಗಳಲ್ಲಿ 12 ತಿಂಗಳು ಇನ್ಶೂರೆನ್ಸ್ ಕಟ್ಟಿದ್ರೆ ಹಕ್ಕು ಇದ್ದೇ ಇದೆ, ಎರಡು ವರ್ಷ ಕಟ್ಟಿರೋರಿಗೆ 12 ತಿಂಗಳು ಕೊಡ್ತಾರೆ, ಮಗು ಇದ್ರೆ ನೆಟ್ ಸಂಬಳದ 67%, ಇಲ್ದಿದ್ರೆ 60% (ದೊಡ್ಡ ಸಂಬಳಕ್ಕೆ ಒಂದು ಮಿತಿ ಇದೆ, ಅದರ ಮೇಲಿನದು ಲೆಕ್ಕಕ್ಕಿಲ್ಲ). ಆದ್ರೆ ಸರಿಯಾದ ಕಾರಣ ಇಲ್ದೆ ನೀವೇ ಬಿಟ್ರೆ 12 ವಾರ ಶ್ಪೆರ್‌ಟ್ಸೈಟ್ ಹಾಕ್ತಾರೆ, ಅಷ್ಟು ದಿನ ಒಂದು ಸೆಂಟೂ ಬರಲ್ಲ. ಸರಿ, ಮೂರು ತಿಂಗಳು ಲೇಟಾಗಿ ಬರುತ್ತೆ ಅಷ್ಟೇ ತಾನೆ ಅಂದ್ಕೋಬೇಡಿ, ಒಟ್ಟು ಅವಧಿಯಲ್ಲೇ ಕಾಲು ಭಾಗ ಹೋಗುತ್ತೆ, 360 ದಿನ ಇದ್ದಿದ್ದು 270 ಆಗುತ್ತೆ. ಹೆಲ್ತ್ ಇನ್ಶೂರೆನ್ಸ್ ಮಾತ್ರ ಆ ಟೈಮಲ್ಲೂ ನಡೀತಿರುತ್ತೆ, ಮಗು ಇದೆಯಲ್ಲ ಅದಕ್ಕೆ ಹೇಳಿದೆ.

ಬರ್ಲಿನ್‌ನಿಂದ, ಊರು ಹುಬ್ಬಳ್ಳಿ: ಅಣ್ಣಾರ, ರಾಜೀನಾಮೆ ಬರಿಯೂಕಿಂತ ಮೊದಲ ಡಾಕ್ಟರ್ ಕಡೆ ಹೋಗ್ರಿ. ನಿದ್ದಿ ಇಲ್ಲ, ಬಿಪಿ ಐತಿ ಅಂದ್ರ ಮೊದಲ ಸಿಕ್ ಲೀವ್ ತಗೋರಿ, ಆರು ವಾರ ಕಂಪನಿನೇ ಪೂರ್ತಿ ಪಗಾರ ಕೊಡಬೇಕು, ಆಮ್ಯಾಲೆ ಹೆಲ್ತ್ ಇನ್ಶೂರೆನ್ಸ್‌ದವರು ಕೊಡ್ತಾರ. ಇಷ್ಟಾಗಿನೂ ಬಿಡೂದ ಅಂತಾದ್ರ, ಈ ಕೆಲಸ ಇವರ ಆರೋಗ್ಯಕ್ಕ ಆಗಿಬರಂಗಿಲ್ಲ, ಬಿಡೂದ ಚಲೋ ಅಂತ ಡಾಕ್ಟರ್ ಕಡಿಂದ ಬರಿಸ್ಕೋರಿ, ಅದಕ್ಕಂತ ಭತ್ಯೆ ಕೊಡೂ ಸರ್ಕಾರಿ ಆಫೀಸು ಆಗೆಂಟೂರ್‌ದವರ ಕಡೆ ಫಾರ್ಮೂ ಐತಿ. ಬಿಟ್ಟ ಮ್ಯಾಲೆ ಡಾಕ್ಟರ್ ಹುಡುಕ್ಕೊಂಡು ಹೋದ್ರ ಅವರು ನಂಬೂದು ಕಷ್ಟ. ಮ್ಯಾನೇಜರ್ ಕಾಟ ಕೊಡ್ತಾನ ಅಂತ ಬಾಯಿಲೆ ಹೇಳಿದ್ರ ನಡಿಯಂಗಿಲ್ರಿ, ತಾರೀಖು, ಮೇಲ್, ಯಾರ ಮುಂದ ಏನಂದ ಎಲ್ಲಾ ಇಟ್ಕೋರಿ, ಬ್ಯಾರೆ ಟೀಮಿಗೆ ಹಾಕ್ರಿ ಅಂತ ಎಚ್ಆರ್‌ಗೆ ಬರದು ಕೇಳಿದ್ದೂ ಇರಲಿ. ನಮ್ಮನಿಯವರದು ಹಿಂಗ ಮಾಡಿದ್ವಿ, ಶ್ಪೆರ್‌ಟ್ಸೈಟ್ ಬೀಳಲಿಲ್ಲ.

ಹ್ಯಾಂಬರ್ಗ್ ಬಿಟ್ಟು ಮ್ಯೂನಿಕ್‌ಗೆ ಬಂದವರು: ನಂದು ಬೇರೆ ಕಾರಣ, ಗಂಡ ಇಲ್ಲಿ ನಾನು ಅಲ್ಲಿ, ಅವರ ಹತ್ರ ಬರಕ್ಕೆ ಅಂತ ಬಿಟ್ಟೆ. ಮದುವೆ ಆಗಿರೋರಿಗೆ ಇದು ಒಪ್ಪೋ ಕಾರಣನೇ, ದಿನಾ ಹೋಗಿಬರೋಷ್ಟು ಹತ್ರ ಇರಬಾರದು ಅಷ್ಟೇ. ಮ್ಯಾರೇಜ್ ಸರ್ಟಿಫಿಕೇಟು, ಹೊಸ ವಿಳಾಸದ ರಿಜಿಸ್ಟ್ರೇಷನ್ನು, ಬರೋ ಮೊದಲೇ ಇಲ್ಲಿ ಕೆಲಸ ಹುಡುಕಿದ್ದಕ್ಕೆ ಕಳಿಸಿದ ಅಪ್ಲಿಕೇಶನ್ನು ಎಲ್ಲಾ ಕೇಳಿದ್ರು.

ಫ್ರಾಂಕ್‌ಫರ್ಟ್‌ನಿಂದ, ಊರು ಮಂಗಳೂರು: ಮಾರಾಯ್ರೆ, ಎಚ್ಆರ್‌ನವ್ರು ನಗ್ತಾ ಕರ್ದು "ಇಬ್ರೂ ಒಪ್ಪಿ ಮುಗಿಸುವ" ಅಂತ ಔಫ್‌ಹೇಬುಂಗ್ಸ್‌ಫೆರ್‌ಟ್ರಾಗ್ ಕೊಟ್ರೆ ಅಲ್ಲೇ ಸೈನ್ ಹಾಕ್ಬೇಡಿ. ಅದೂ ನೀವೇ ಬಿಟ್ಟ ಲೆಕ್ಕವೇ, ಅದಕ್ಕೂ 12 ವಾರ. ಕಂಪನಿಯೇ ಖರ್ಚು ಕಮ್ಮಿ ಮಾಡ್ಲಿಕ್ಕೆ ನಿಮ್ಮನ್ನು ಅದೇ ತಾರೀಕಿಗೆ ತೆಗೀತಿತ್ತು ಅಂತ ಆ ಕಾಗದದಲ್ಲೇ ಇದ್ದು, ನೋಟಿಸ್ ಪೀರಿಯಡ್ ಪೂರ್ತಿ ಇದ್ದು, ಪರಿಹಾರ ದುಡಿದ ಪ್ರತಿ ವರ್ಷಕ್ಕೆ ಅರ್ಧ ತಿಂಗಳ ಸಂಬಳದ ಒಳಗಿದ್ರೆ ಮಾತ್ರ ಬಚಾವ್. ಲಾಯರ್‌ಗೆ ತೋರಿಸಿ, ಯೂನಿಯನ್ ಮೆಂಬರ್ ಆಗಿದ್ರೆ ಅವರನ್ನೇ ಕೇಳಿ.

ಮ್ಯೂನಿಕ್‌ನಿಂದ ಮತ್ತೆ: ತಾರೀಖಿನ ವಿಷಯ ಬಿಟ್ಟೋಗಿತ್ತು. ಕೆಲಸ ಮುಗಿಯೋ ಮೂರು ತಿಂಗಳ ಮೊದಲೇ ಕೆಲಸ ಹುಡುಕ್ತಿದೀನಿ ಅಂತ ಆಗೆಂಟೂರ್‌ಗೆ ತಿಳಿಸ್ಬೇಕು, ಅಷ್ಟು ಟೈಮ್ ಇಲ್ದಿದ್ರೆ ಗೊತ್ತಾದ ಮೂರು ದಿನದೊಳಗೆ, ಇಲ್ಲಾಂದ್ರೆ ಇನ್ನೊಂದು ವಾರ ಕಟ್. ನಿರುದ್ಯೋಗಿ ಅಂತ ರಿಜಿಸ್ಟರ್ ಆಗೋದು ಬೇರೆ, ಅದು ಹೆಚ್ಚಂದ್ರೆ ಕೆಲಸ ಇಲ್ಲದ ಮೊದಲ ದಿನ. ಎರಡೂ ಒಂದೇ ಅಂತ ತಿಳ್ಕೊಂಡು ಬಿಡೋರು ಜಾಸ್ತಿ. ಶ್ಪೆರ್‌ಟ್ಸೈಟ್ ಹಾಕಿ ಲೆಟರ್ ಬಂದ್ರೂ ಒಂದು ತಿಂಗಳೊಳಗೆ ಆಕ್ಷೇಪಣೆ ಬರೀಬಹುದು, ಫೀಸಿಲ್ಲ, ಬರೀರಿ. ಅಂದಹಾಗೆ ನಿಮ್ಮದು ಬ್ಲೂ ಕಾರ್ಡಾ (ಕೆಲಸದ ಮೇಲೆ ಕೊಡೋ ಪರ್ಮಿಟ್ಟು), ಪರ್ಮನೆಂಟ್ ರೆಸಿಡೆನ್ಸಾ ಹೇಳಲೇ ಇಲ್ವಲ್ಲ?

ಕೇಳಿದವರು: ತುಂಬಾ ಥ್ಯಾಂಕ್ಸ್ ಎಲ್ರಿಗೂ. ಬ್ಲೂ ಕಾರ್ಡು ಸರ್, ಪರ್ಮನೆಂಟ್‌ಗೆ ಹಾಕಿದೀನಿ, ಇನ್ನೂ ಬಂದಿಲ್ಲ.

ಮ್ಯೂನಿಕ್‌ನಿಂದ: ಅಯ್ಯೋ, ಇದನ್ನ ಮೊದಲೇ ಹೇಳ್ಬೇಕಿತ್ತಲ್ವಾ. ಹಾಗಿದ್ರೆ ಭತ್ಯೆ ಲೆಕ್ಕ ಆಮೇಲೆ ಹಾಕೋಣ. ಕೆಲಸ ಹೋದ ಎರಡು ವಾರದಲ್ಲಿ ವೀಸಾ ಆಫೀಸಿಗೆ ನೀವೇ ತಿಳಿಸ್ಬೇಕು, ಅವರು ಕಾರ್ಡಿನ ಅವಧಿ ಕಮ್ಮಿ ಮಾಡಬಹುದು, ಪರ್ಮನೆಂಟ್ ಅರ್ಜಿಗೂ ನಡೀತಿರೋ ಕೆಲಸ ತೋರಿಸ್ಬೇಕು. ಅದು ಕೈಗೆ ಬರೋ ತನಕ ಹುಬ್ಬಳ್ಳಿಯವರು ಹೇಳಿದ ಹಾಗೆ ಡಾಕ್ಟರ್, ಸಿಕ್ ಲೀವ್.

ಕೇಳಿದವರು: ಸರಿ ಸರ್, ನಾಳೆನೇ ಡಾಕ್ಟರ್‌ಗೆ ಫೋನ್ ಮಾಡ್ತೀನಿ. ರಿಸೈನ್ ಲೆಟರ್ ಡ್ರಾಫ್ಟಲ್ಲೇ ಇರಲಿ.