'ಕಾಂಟ್ ಪಾಸಿಬ್ಲಿ' ಅಂದ್ರೆ ಸ್ವಲ್ಪ ಆಗುತ್ತೆ ಅಂತಾನಾ, ಆಗೋದೇ ಇಲ್ಲ ಅಂತಾನಾ?

ಬಳ್ಳಾರಿ ಜೀನ್ಸ್:

ನಾನು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಇಂಗ್ಲಿಷ್ ಮೇಲ್ ಬಂದರೆ ಅದೂ ನನ್ನ ತಲೆಗೇ. ಹೊರ ರಾಜ್ಯದ ಪಾರ್ಟಿಯೊಬ್ಬರು ಇವತ್ತು ಕಳಿಸಿದ ಮೇಲ್‌ನಲ್ಲಿ ಎರಡು ಸಾಲು ಇವೆ. 'ವಿ ಕಾಂಟ್ ಪಾಸಿಬ್ಲಿ ವೇಟ್ ಟಿಲ್ ದೀಪಾವಳಿ' ಅಂತ ಒಂದು. 'ವಿ ಮೇ ವೆಲ್ ನೀಡ್ ಅನದರ್ ಲಾಟ್' ಅಂತ ಇನ್ನೊಂದು. ನಮ್ಮ ಓನರ್ ಅದನ್ನು ನೋಡಿ, "ಪಾಸಿಬ್ಲಿ ಅಂತ ಹಾಕಿದ್ದಾರಲ್ಲ, ಹಂಗಂದ್ರೆ ಕಾಯೋಕೆ ಜಾಗ ಇದೆ, ವಾಷಿಂಗ್ ನಾಲ್ಕು ದಿನ ತಡ ಆದ್ರೂ ನಡೆಯುತ್ತೆ ಬಿಡು" ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಆದರೆ ಯಾಕೆ ಅಂತ ಬಿಡಿಸಿ ಹೇಳೋಕೂ ಬರಲಿಲ್ಲ.

ಶಾಲೆಯಲ್ಲಿ ಕ್ಯಾನ್, ಕುಡ್, ಮೇ, ಮೈಟ್ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರು. ಪ್ರಾಬಬ್ಲಿ, ಸರ್ಟನ್ಲಿ ಎಲ್ಲ ಬೇರೆ ಪಾಠ. ಎರಡೂ ಒಂದೇ ವಾಕ್ಯದಲ್ಲಿ ಕೂತಾಗ ಏನಾಗುತ್ತದೆ ಅಂತ ಯಾರೂ ಹೇಳಲಿಲ್ಲ. ಮೇ ಅಂದರೇನೇ ಅನುಮಾನ, ಅದರ ಪಕ್ಕ ವೆಲ್ ಯಾಕೆ? ಗೊತ್ತಿದ್ದವರು ಹೇಳಿ.

ರಾಯಚೂರು ಮೇಷ್ಟ್ರು:

ಮೊದಲು ಓನರ್‌ಗೆ ಹೇಳಿ, ವಾಷಿಂಗ್ ಬೇಗ ಮುಗಿಸಲಿ. 'ಕಾಂಟ್ ಪಾಸಿಬ್ಲಿ' ಅಂದರೆ ಬರೀ 'ಆಗಲ್ಲ' ಅಲ್ಲ, 'ಏನು ಮಾಡಿದರೂ ಆಗಲ್ಲ'.

ಕಾಂಟ್ ಒಳಗಿನ ನಾಟ್ ಮೊದಲು ಬಂತು, ಪಾಸಿಬ್ಲಿ ಅದರ ಹಿಂದೆ ಬಂತು. ಹಾಗಾಗಿ ಆ ನಾಟ್ ಪಾಸಿಬ್ಲಿಯನ್ನೂ ಸೇರಿಸಿಯೇ ಹೊಡೆದು ಹಾಕುತ್ತದೆ. ಯಾವ ದಾರಿಯಿಂದಲೂ ಸಾಧ್ಯ ಇಲ್ಲ ಎಂಬ ಅರ್ಥ ಬರುತ್ತದೆ. ಈಗ ಅದೇ ಪದವನ್ನು ಮುಂದಕ್ಕೆ ತನ್ನಿ: 'ವಿ ಪಾಸಿಬ್ಲಿ ಕಾಂಟ್ ವೇಟ್'. ಇಲ್ಲಿ ಪಾಸಿಬ್ಲಿ ನಾಟ್‌ನ ಕೈಗೆ ಸಿಗಲಿಲ್ಲ, 'ಬಹುಶಃ ಕಾಯೋಕೆ ಆಗಲಿಕ್ಕಿಲ್ಲ' ಅಂತಾಯಿತು. ಓನರ್ ಓದಿಕೊಂಡಿದ್ದು ಈ ವಾಕ್ಯವನ್ನು, ಪಾರ್ಟಿ ಬರೆದದ್ದು ಆ ವಾಕ್ಯವನ್ನು. ನಾಟ್ ಇಲ್ಲದಿದ್ದರೆ ಪಾಸಿಬ್ಲಿಗೆ ಬೇರೆ ಕೆಲಸ. 'ಕುಡ್ ಯು ಪಾಸಿಬ್ಲಿ ಸೆಂಡ್ ಇಟ್ ಬೈ ಫ್ರೈಡೇ' ಅಂದರೆ ಬರೀ ವಿನಯ, ಅನುಮಾನ ಏನೂ ಇಲ್ಲ.

'ಮೇ ವೆಲ್'ನಲ್ಲಿ ವೆಲ್‌ಗೆ 'ಚೆನ್ನಾಗಿ' ಅನ್ನೋ ಅರ್ಥ ಹುಡುಕಬೇಡಿ. ಬರೀ 'ಮೇ ನೀಡ್' ಅಂದಿದ್ದರೆ ಬೇಕಾದರೂ ಆಗಬಹುದು, ಬೇಡವಾದರೂ ಆಗಬಹುದು. 'ಮೇ ವೆಲ್ ನೀಡ್' ಅಂದರೆ ಬೇಕಾಗುವ ಸಾಧ್ಯತೆಯೇ ಜಾಸ್ತಿ. ಹಾಗಂತ ಅದು ಆರ್ಡರ್ ಅಲ್ಲ, ಬಟ್ಟೆ ತರಿಸಿ ಕಟ್ ಮಾಡಿಸಿಬಿಡಬೇಡಿ.

ಅನುಮಾನದ ಪಕ್ಕ ಅನುಮಾನ ಇಟ್ಟರೆ ಎರಡರಷ್ಟು ಆಗುವುದಿಲ್ಲ. 'ಇಟ್ ಮೈಟ್ ಪಾಸಿಬ್ಲಿ ರೇನ್' ಅಂದರೆ ಅರ್ಧದಲ್ಲಿ ಅರ್ಧ ಅಲ್ಲ. ನಾವು 'ಬಹುಶಃ ಮಳೆ ಬರಬಹುದು' ಅನ್ನುವಾಗ ಅನುಮಾನವನ್ನು ಲೆಕ್ಕ ಹಾಕಿ ಕೂಡಿಸುತ್ತೇವಾ? ಎರಡೂ ಸೇರಿ ಒಂದೇ ಮಾತು. ಹ್ಯಾಲಿಡೇ ಅನ್ನುವ ಭಾಷಾವಿಜ್ಞಾನಿ 1970ರಲ್ಲೇ ಇದನ್ನು ಬಿಡಿಸಿ ಬರೆದರು. 1977ರಲ್ಲಿ ಜಾನ್ ಲಯನ್ಸ್ ಅನ್ನುವ ಇನ್ನೊಬ್ಬ ಭಾಷಾವಿಜ್ಞಾನಿ ಇಂಥ ಜೋಡಿಗಳನ್ನು ಹಾರ್ಮೋನಿಕ್, ಅಂದರೆ ಒಂದಕ್ಕೊಂದು ಹೊಂದುವಂಥವು, ಅಂತ ಕರೆದರು. ಮೈಟ್ ಜೊತೆ ಪಾಸಿಬ್ಲಿ, ಮಸ್ಟ್ ಜೊತೆ ಸರ್ಟನ್ಲಿ ಹೊಂದುತ್ತವೆ.

ಹೊಂದದ ಜೋಡಿ ಹಾಕಿದರೆ ಅರ್ಥವೇ ದಾರಿ ಬದಲಿಸುತ್ತದೆ. ಮೇ ಪಕ್ಕ ಸರ್ಟನ್ಲಿ ಇಟ್ಟು ನೋಡಿ: 'ಯು ಮೇ ಸರ್ಟನ್ಲಿ ಕಮ್'. ಅನುಮಾನ ಹೋಯಿತು, ಅನುಮತಿ ಬಂತು. ಕನ್ನಡದಲ್ಲೂ 'ನೀವು ಖಂಡಿತ ಬರಬಹುದು' ಅಂದರೆ ಅನುಮತಿಯೇ ಅಲ್ವಾ? ಅದಕ್ಕೇ 'ದಿ ಸ್ಟಾಕ್ ಮೇ ಡೆಫಿನಿಟ್ಲಿ ರೀಚ್ ಬೈ ಮಂಡೇ' ಅಂತ ನಮ್ಮ ಕಡೆಯ ಮೇಲ್‌ಗಳಲ್ಲಿ ಓದಿದಾಗ, ಸ್ಟಾಕ್‌ಗೆ ಯಾರೋ ಊರೊಳಗೆ ಬರಲು ಪರ್ಮಿಷನ್ ಕೊಟ್ಟ ಹಾಗೆ ಕೇಳಿಸುತ್ತದೆ.

ಗಂಗಾವತಿ ಹುಡುಗಿ:

ಅರ್ಥ ಮೇಷ್ಟ್ರು ಹೇಳಿದರು, ಪ್ರಾಬಬ್ಲಿ, ಡೆಫಿನಿಟ್ಲಿ ಥರದ ಪದ ವಾಕ್ಯದಲ್ಲಿ ಕೂರುವ ಜಾಗ ನಾನು ಹೇಳುತ್ತೇನೆ. ವಿಲ್, ಶುಡ್ ಥರದ ಸಹಾಯಕ ಕ್ರಿಯಾಪದ ಆದಮೇಲೆ, ಮುಖ್ಯ ಕ್ರಿಯಾಪದಕ್ಕಿಂತ ಮುಂಚೆ: 'ಹಿ ವಿಲ್ ಪ್ರಾಬಬ್ಲಿ ಕಮ್'. ಸಹಾಯಕ ಎರಡಿದ್ದರೆ ಮೊದಲನೆಯದು ಆದಮೇಲೆ: 'ಯು ಶುಡ್ ಡೆಫಿನಿಟ್ಲಿ ಹ್ಯಾವ್ ಟೋಲ್ಡ್ ಮಿ'. ಆದರೆ ವೋಂಟ್ ಬಂದರೆ ಪ್ರಾಬಬ್ಲಿ ಮುಂದಕ್ಕೆ ಹಾರುತ್ತದೆ: 'ಹಿ ಪ್ರಾಬಬ್ಲಿ ವೋಂಟ್ ಕಮ್'. 'ವೋಂಟ್ ಪ್ರಾಬಬ್ಲಿ' ಕಿವಿಗೆ ಚುಚ್ಚುತ್ತದೆ. 'ಪ್ರಾಬಬ್ಲಿ ವಿಲ್' ಮಾತ್ರ ತಪ್ಪು, ಬರೆಯಬೇಡಿ.

ತೋರಣಗಲ್ಲು ನೈಟ್ ಶಿಫ್ಟ್:

ಕೊನೆಯ ಸಾಲು ಒಪ್ಪಲ್ಲ ಮೇಡಂ. 'ವಿಲ್ ಯು ಕಮ್?' ಅಂತ ಕೇಳಿದರೆ 'ಐ ಪ್ರಾಬಬ್ಲಿ ವಿಲ್' ಅಂತಲೇ ಉತ್ತರ. ಅಲ್ಲಿ ಹಿಂದೆ ಮುಖ್ಯ ಕ್ರಿಯಾಪದವೇ ಇಲ್ಲ, ವಿಲ್ ಮೇಲೆ ಒತ್ತು ಬೀಳುತ್ತದೆ, 'ಐ ವಿಲ್ ಪ್ರಾಬಬ್ಲಿ' ಅಂತ ನಿಲ್ಲಿಸಿದರೆ ಎದುರಿನವರು ಇನ್ನೂ ಏನೋ ಹೇಳ್ತಾರೆ ಅಂತ ಕಾಯ್ತಾ ಇರುತ್ತಾರೆ. ಪೂರ್ತಿ ವಾಕ್ಯದಲ್ಲೂ ಒತ್ತಿ ಹೇಳುವಾಗ 'ಪ್ರಾಬಬ್ಲಿ ವಿಲ್' ಬರುತ್ತದೆ. ಕಡಿಮೆ ಅಷ್ಟೇ, ತಪ್ಪಲ್ಲ.

ಜಾಗ ಬದಲಾದರೆ ಎಷ್ಟು ಬದಲಾಗುತ್ತದೆ ಅಂತ ನನಗೆ ಓವರ್‌ಟೈಮ್ ಕೇಳಿದಾಗೆಲ್ಲ ಗೊತ್ತಾಗುತ್ತದೆ. ನಮ್ಮ ಇನ್‌ಚಾರ್ಜ್ ಕನ್ನಡದವರಲ್ಲ, ಮಾತೆಲ್ಲ ಇಂಗ್ಲಿಷ್‌ನಲ್ಲೇ. 'ಐ ರಿಯಲಿ ಕಾಂಟ್ ಸ್ಟೇ' ಅಂದರೆ 'ನಿಜವಾಗ್ಲೂ ಆಗಲ್ಲ ಸರ್', ಬಾಗಿಲು ಮುಚ್ಚಿತು. 'ಐ ಕಾಂಟ್ ರಿಯಲಿ ಸ್ಟೇ' ಅಂದರೆ 'ಸ್ವಲ್ಪ ಕಷ್ಟ ಸರ್', ಆಗ ಅವರು ಇನ್ನೊಂದು ಸಲ ಕೇಳೇ ಕೇಳುತ್ತಾರೆ. ಜಸ್ಟ್ ಕೂಡ ಇದೇ ಆಟ ಆಡುತ್ತದೆ. 'ಐ ಜಸ್ಟ್ ಕಾಂಟ್ ಲೀವ್', ಹೋಗೋಕೆ ಆಗೋದೇ ಇಲ್ಲ. 'ಐ ಕಾಂಟ್ ಜಸ್ಟ್ ಲೀವ್', ಹಾಗೇ ಸುಮ್ನೆ ಎದ್ದು ಹೋಗೋಕಾಗಲ್ಲ, ಯಾರಿಗಾದರೂ ಹೇಳಿ ಹೋಗಬೇಕು.

ಗಂಗಾವತಿ ಹುಡುಗಿ:

ಸರಿ, ಚಿಕ್ಕ ಉತ್ತರದಲ್ಲಿ ನಿಮ್ಮ ಮಾತು ಒಪ್ಪಿದೆ. ಆಫೀಸ್ ಮೇಲ್‌ನಲ್ಲಿ ಮಾತ್ರ ನಾನು 'ವಿಲ್ ಪ್ರಾಬಬ್ಲಿ' ಅಂತಲೇ ಬರೆಯುತ್ತೇನೆ.

ಬಳ್ಳಾರಿ ಜೀನ್ಸ್:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರ ಉತ್ತರ ಓನರ್‌ಗೆ ಓದಿ ಹೇಳಿದೆ, ಮುಖ ಸಪ್ಪಗಾಯಿತು, ವಾಷಿಂಗ್‌ನವರಿಗೆ ಫೋನ್ ಹೋಯಿತು. ಈಗ ಅವರು ಹೀಗೆ ಬರಿ ಅಂತಿದ್ದಾರೆ: 'ವಿ ವಿಲ್ ಡೆಫಿನಿಟ್ಲಿ ಟ್ರೈ ಟು ಡಿಸ್ಪ್ಯಾಚ್ ಬೈ ದಸರಾ'. ವಿಲ್ ಜೊತೆ ಡೆಫಿನಿಟ್ಲಿ ಹೊಂದುತ್ತದೆ, ಜಾಗವೂ ಸರಿ ಇದೆ. ಕಳಿಸಲಾ?

ರಾಯಚೂರು ಮೇಷ್ಟ್ರು:

ವ್ಯಾಕರಣ ಸರಿ, ಆದರೆ ಡೆಫಿನಿಟ್ಲಿ ಹೋಗಿ ಕೂತದ್ದು ಟ್ರೈ ಮೇಲೆ. ಪ್ರಯತ್ನ ಮಾಡೋದು ಖಂಡಿತ, ಮಾಲು ಕಳಿಸೋದು ದೇವರಿಗೇ ಗೊತ್ತು ಅಂತಾಯಿತು. ವ್ಯಾಪಾರ ಮಾಡಿದವರು ಇದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಎಷ್ಟು ಪೀಸ್ ಗ್ಯಾರಂಟಿ ಕೊಡಬಲ್ಲಿರೋ ಅಷ್ಟಕ್ಕೆ 'ವಿ ವಿಲ್ ಡಿಸ್ಪ್ಯಾಚ್' ಅಂತ ಬರೆಯಿರಿ. ಉಳಿದದ್ದಕ್ಕೆ 'ದಿ ರೆಸ್ಟ್ ಶುಡ್ ರೀಚ್ ಯು ವೆಲ್ ಬಿಫೋರ್ ದೀಪಾವಳಿ'. ಡೆಫಿನಿಟ್ಲಿ ಎಲ್ಲೂ ಬೇಡ, ಅದಿಲ್ಲದೆಯೂ ವಿಲ್ ಗಟ್ಟಿಯಾಗಿಯೇ ಇರುತ್ತದೆ.